ಪೀಠಿಕೆಗೊಂದು ಅಂಕ

ನಮ್ಮ ಮನೆಯ ಹಸುವಿಗೆ ಒಂದೇ ಕೊಂಬು. ಹೆಸರು ಕೆಂಪಿ. ಇನ್ನೊಂದು ಕೊಂಬನ್ನು ಅದು ಕಡಸಾಗಿದ್ದಾಗ ಕೊಟ್ಟಿಗೆಯ ಕಂಬಕ್ಕೆ ಗುದ್ದಿ ಮುರಿದುಕೊಂಡಿತ್ತಂತೆ. ನಾನು ಕಂಡಾಗಿನಿಂದ ಎಡಗಡೆ ಒಂದು ಮೊಂಡು ಬುಡವಷ್ಟೇ ಇತ್ತು. ನಾಲ್ಕನೆಯ ತರಗತಿಯಲ್ಲಿ ಮೇಷ್ಟ್ರು ‘ಹಸು’ವಿನ ಮೇಲೆ ಪ್ರಬಂಧ ಬರೆಯಿರಿ ಎಂದಾಗ ಉಳಿದವರೆಲ್ಲ ಪೆನ್ಸಿಲ್ಲಿನ ಹಿಂಭಾಗ ಕಚ್ಚುತ್ತ ಕೂತಿದ್ದರು. ನಾನು ಮಾತ್ರ ತಲೆಯೆತ್ತದೆ ಬರೆದೆ. ಹಸು ಒಂದು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲು, ಎರಡು ಕಣ್ಣು, ಒಂದು ಬಾಲ, ಒಂದು ಕೊಂಬು ಇದೆ. ಹಿಂಡಿ ಇಡದೆ ಹತ್ತಿರ ಹೋದರೆ ಗುಮ್ಮುತ್ತದೆ.

ಮೇಷ್ಟ್ರು ‘ಒಂದು ಕೊಂಬು’ ಎಂಬಲ್ಲಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಒಂದು ಅಂಕ ಕಳೆದರು. ಅವರ ಮನೆಗೆ ದಿನಾ ಬೆಳಿಗ್ಗೆ ಅರ್ಧ ಲೀಟರ್ ಹಾಲು ಹೋಗುತ್ತಿದ್ದುದು ನಮ್ಮ ಮನೆಯಿಂದಲೇ. ನಾನು ಧೈರ್ಯ ಮಾಡಿ ಎದ್ದು ನಿಂತೆ.

“ಸಾ, ನಮ್ಮ ಕೆಂಪಿಗೆ ಒಂದೇ ಸಾ ಕೊಂಬು.”

“ಅದು ನಿಮ್ಮ ಕೆಂಪಿ ಕಣೋ. ನಾನು ಕೇಳಿದ್ದು ಹಸು,” ಎಂದರು.

ಈ ಮಾತಿನಲ್ಲಿ ಎಷ್ಟು ದೊಡ್ಡ ಶಾಸ್ತ್ರ ಅಡಗಿದೆ ಎಂಬುದು ನನಗೆ ಗೊತ್ತಾದದ್ದು ಬಿ.ಎ. ತರಗತಿಯಲ್ಲಿ ತರ್ಕಶಾಸ್ತ್ರ ಓದುವಾಗ. ಅಂಕ ಮಾತ್ರ ಅವತ್ತೇ ಹೋಗಿತ್ತು. ಮುಂದಿನ ಪರೀಕ್ಷೆಯಲ್ಲಿ ಎರಡು ಕೊಂಬು ಬರೆದೆ. ಹತ್ತಕ್ಕೆ ಹತ್ತು ಬಂತು. ಆಮೇಲೆ ಎಂದೂ ನಾನು ಯಾವ ಹಸುವನ್ನೂ ನೋಡಿಕೊಂಡು ಬರೆಯಲಿಲ್ಲ.

ಈಗ ಆ ಕೆಂಪು ಪೆನ್ನು ನನ್ನ ಜೇಬಿನಲ್ಲಿದೆ. ಹಳ್ಳಿಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರಾಗಿ ಇಪ್ಪತ್ತೆರಡು ವರ್ಷ ಆಯಿತು. ಇಷ್ಟು ವರ್ಷಗಳಲ್ಲಿ ಎಷ್ಟು ಪ್ರಬಂಧ ತಿದ್ದಿರಬಹುದೆಂದು ಲೆಕ್ಕ ಹಾಕಲು ಹೋಗಿಲ್ಲ. ಕಲ್ಲುಕುಟಿಗ ತಾನು ಎಷ್ಟು ಕಲ್ಲು ಒಡೆದೆ ಎಂದು ಎಣಿಸುತ್ತಾನೆಯೇ? ಬೆರಳಿನ ತುದಿಯಲ್ಲಿ ಜಡ್ಡುಗಟ್ಟಿದೆ, ಅಷ್ಟು ಸಾಕು ಸಾಕ್ಷಿಗೆ.

ಕನ್ನಡ ಮೇಷ್ಟ್ರ ಪಾಡು ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ. ಬರವಣಿಗೆಗೆ 100, ಶಾಲೆಯಲ್ಲೇ ಹಾಕುವ ಆಂತರಿಕ ಅಂಕ 25. ಒಟ್ಟು 625ರಲ್ಲಿ ದೊಡ್ಡ ಪಾಲು ನಮ್ಮದೇ. ಹಾಗಾಗಿ ಅಪ್ಪ ಅಮ್ಮಂದಿರಿಗೆ ಕನ್ನಡದ ಮೇಲೆ ಇದ್ದಕ್ಕಿದ್ದಂತೆ ಅಭಿಮಾನ ಉಕ್ಕುವುದು ಹತ್ತನೆಯ ತರಗತಿಯಲ್ಲೇ. ನಮ್ಮ ಕಾಲದಲ್ಲಿ ಕನ್ನಡಕ್ಕೆ ನೂರಕ್ಕೆ ಅರವತ್ತೈದು ಬಂದರೆ ಊರಲ್ಲಿ ಪಂಡಿತನೆಂಬ ಹೆಸರು. ಪೂರ್ತಿ ಅಂಕ ಕೊಡುವುದೆಂದರೆ ಮೇಷ್ಟ್ರು ತನಗಿಂತ ಹುಡುಗನೇ ಮೇಲು ಎಂದು ಬರೆದುಕೊಟ್ಟ ಹಾಗೆ. ಈಗ ಪ್ರತಿ ವರ್ಷ 125ಕ್ಕೆ 125 ತೆಗೆದವರ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಆ ಮಕ್ಕಳ ಬಗ್ಗೆ ನನಗೆ ಅಸೂಯೆ ಇಲ್ಲ. ಅವರ ಪ್ರಬಂಧ ಒಂದನ್ನು ಓದಬೇಕೆಂಬ ಆಸೆ ಮಾತ್ರ ಇದೆ.

ಪೂರ್ತಿ ಅಂಕ ಬರುವುದು ಹೇಗೆಂದರೆ, ನಾವು ಅದಕ್ಕೊಂದು ತಕ್ಕಡಿ ಮಾಡಿಟ್ಟಿದ್ದೇವೆ. ಪ್ರಬಂಧಕ್ಕೆ ಐದು ಅಂಕವಾದರೆ ಪೀಠಿಕೆಗೆ ಒಂದು, ವಿಷಯ ನಿರೂಪಣೆಗೆ ಮೂರು, ಉಪಸಂಹಾರಕ್ಕೆ ಒಂದು. ಇದಕ್ಕೆ ‘ಸ್ಕೀಮ್’ ಎನ್ನುತ್ತೇವೆ. ಮಕ್ಕಳು ನಮಗಿಂತ ಜಾಣರು. ಪೀಠಿಕೆಯಲ್ಲಿ ಏನಿದೆ ಎಂದು ನಾವು ಓದುವುದಿಲ್ಲ, ‘ಪೀಠಿಕೆ’ ಎಂದು ಬರೆದು ಅಡಿಗೆರೆ ಎಳೆದಿದ್ದಾರೋ ಇಲ್ಲವೋ ಅಷ್ಟೇ ನೋಡುತ್ತೇವೆ ಎಂಬುದನ್ನು ಅವರು ಬೇಗ ಪತ್ತೆ ಮಾಡಿದರು. ಆಮೇಲಿನಿಂದ ಅಡಿಗೆರೆಗಳು ದಪ್ಪವಾಗುತ್ತ ಬಂದವು. ಒಬ್ಬ ಹುಡುಗಿ ಪೀಠಿಕೆಗೆ ನೀಲಿ, ಉಪಸಂಹಾರಕ್ಕೆ ಹಸಿರು, ನಡುವೆ ಬರುವ ಗಾಂಧೀಜಿಯವರಿಗೆ ನೇರಳೆ ಬಣ್ಣದ ಗೆರೆ ಎಳೆಯುತ್ತಿದ್ದಳು. ಗಾಂಧೀಜಿ ಎಂದೆ. ಯಾವ ಪ್ರಬಂಧದಲ್ಲೇ ಆಗಲಿ, ಯಾರೂ ಹೇಳದ ಮಾತಿದ್ದರೆ ಅದನ್ನು ಗಾಂಧೀಜಿ ಹೇಳಿರುತ್ತಾರೆ. ಪ್ರಾಸವಿದ್ದರೆ ಬಸವಣ್ಣನವರು. ಮೂರು ಸಾಲಾದರೆ ಸರ್ವಜ್ಞ. ಪ್ಲಾಸ್ಟಿಕ್ ನಿಷೇಧದ ಬಗ್ಗೆ ಬಸವಣ್ಣನವರು ಹೇಳಿದ್ದನ್ನು ನಾನು ಎರಡು ಸಲ ಓದಿದ್ದೇನೆ.

ಗಾದೆ ವಿಸ್ತರಣೆಯದೂ ಇದೇ ಕತೆ. ಯಾವ ಗಾದೆ ಕೊಟ್ಟರೂ ಮೊದಲ ವಾಕ್ಯ ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’. ಇದನ್ನು ‘ಗಾದೆ ಸುಳ್ಳಾದರೂ ವೇದ ಸುಳ್ಳಾಗದು’ ಎಂದು ತಿರುಗಿಸಿ ಬರೆದವರಿಗೂ ನಾನು ಅಂಕ ಕೊಟ್ಟಿದ್ದೇನೆ, ಯಾರ ಮನಸ್ಸನ್ನೂ ನೋಯಿಸಬಾರದೆಂದು. ‘ವೇದ ಸುಳ್ಳಾದರೂ ಗಾಡಿ ಸುಳ್ಳಾಗದು’ ಎಂದು ಬರೆದ ಹುಡುಗನ ಅಪ್ಪ ಟೆಂಪೋ ಇಟ್ಟುಕೊಂಡಿದ್ದ. ಅವನ ಮಟ್ಟಿಗೆ ಅದೇ ನಿಜವಿರಬಹುದು.

ಕಾಗುಣಿತದ ವಿಷಯಕ್ಕೆ ಹೋದರೆ ಸಂಜೆಯಾಗುತ್ತದೆ. ನಮ್ಮ ಸೀಮೆಯಲ್ಲಿ ಅಕಾರ ಹಕಾರಗಳು ಒಂದರ ಮನೆಯಲ್ಲಿ ಇನ್ನೊಂದು ಇರುತ್ತವೆ. ನಮ್ಮ ಮಕ್ಕಳು ಹಕ್ಕಿಯಿಂದ ಅನ್ನ ಮಾಡುತ್ತಾರೆ, ಅಕ್ಕಿ ಆಕಾಶದಲ್ಲಿ ಹಾರುತ್ತದೆ. ಮಹಾಪ್ರಾಣವನ್ನಂತೂ ಎಷ್ಟೋ ಮಕ್ಕಳು ಪ್ರಾಣ ಹೋದರೂ ಮುಟ್ಟುವುದಿಲ್ಲ. ನೆರೆ ಬಂದ ವರ್ಷ ಒಬ್ಬ, ಸರಕಾರವು ಮನೆ ಕಳೆದುಕೊಂಡವರಿಗೆ ದನಸಹಾಯ ಮಾಡಬೇಕು ಎಂದು ಬರೆದಿದ್ದ. ಪೆನ್ನು ಎತ್ತಿದೆ, ಹಾಗೇ ಇಳಿಸಿದೆ. ನೆರೆಯಲ್ಲಿ ದನ ಕಳೆದುಕೊಂಡ ಮನೆಗೆ ಅದಕ್ಕಿಂತ ಒಳ್ಳೆಯ ಸಹಾಯ ಯಾವುದಿದೆ?

ಹಸುವಿನ ಪ್ರಬಂಧ ಬಾಯಿಪಾಠ ಮಾಡಿಕೊಂಡು ಹೋದ ಹುಡುಗನಿಗೆ ತೆಂಗಿನಮರದ ಮೇಲೆ ಬರೆಯಲು ಬಂದಾಗ ಅವನು ಹಸುವನ್ನು ತಂದು ಮರಕ್ಕೆ ಕಟ್ಟಿದ ಕತೆ ನಿಮಗೂ ಗೊತ್ತಿರಬೇಕು. ಶಾಲೆಯ ಮೆಟ್ಟಿಲು ಹತ್ತಿದ ಎಲ್ಲರಿಗೂ ಗೊತ್ತು. ಆದರೆ ಆ ಹುಡುಗ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ. ಅವನ ಅಣ್ಣತಮ್ಮಂದಿರು ಮಾತ್ರ ಪ್ರತಿ ವರ್ಷ ಸಿಗುತ್ತಾರೆ. ‘ದೇಶ ಸುತ್ತು ಕೋಶ ಓದು’ ಎಂಬ ಗಾದೆಯೊಂದನ್ನು ಹಿಡಿದುಕೊಂಡು ಪ್ರವಾಸದ ಮಹತ್ವಕ್ಕೂ ಗ್ರಂಥಾಲಯದ ಮಹತ್ವಕ್ಕೂ ಹೊಂದಿಸುವವರು. ಹಗ್ಗ ಅದೇ, ಗೂಟ ಬೇರೆ.

ಹಗ್ಗ ಎಂದಾಗ ಒಂದು ಯೋಚನೆ ಬರುತ್ತದೆ. ಪ್ರಬಂಧ ಎಂಬ ಮಾತಿನಲ್ಲೇ ಬಂಧ ಇದೆ. ಚೆನ್ನಾಗಿ ಬಿಗಿದು ಕಟ್ಟಿದ್ದು ಪ್ರ-ಬಂಧ. ಫ್ರಾನ್ಸಿನ ಮೊಂತೇನ್ ಎಂಬ ಜಮೀನ್ದಾರ ತನ್ನ ಮನೆಯ ಗೋಪುರದಲ್ಲಿ ಕೂತು, ತನ್ನ ಹೊಟ್ಟೆನೋವಿನಿಂದ ಹಿಡಿದು ಸಾವಿನವರೆಗೆ ತೋಚಿದ್ದನ್ನೆಲ್ಲ ಬರೆದು 1580ರಲ್ಲಿ ಅಚ್ಚು ಹಾಕಿಸಿದಾಗ ಅದಕ್ಕಿಟ್ಟ ಹೆಸರಿಗೆ ಅವರ ಭಾಷೆಯಲ್ಲಿ ‘ಪ್ರಯತ್ನ’ ಎಂದರ್ಥ. ನೋಡೋಣ, ಬಂದರೆ ಬಂತು ಎಂಬ ಧಾಟಿ. ಅವರು ನೋಡೋಣ ಎಂದದ್ದನ್ನು ನಾವು ಕಟ್ಟು ಎಂದೆವು. ಆಮೇಲೆ ಕಟ್ಟು ಬಿಗಿಯಾಯಿತೇನೋ ಎಂದು ಅನುಮಾನ ಬಂದು ಮುಂದೆ ‘ಲಲಿತ’ ಎಂದು ಸೇರಿಸಿ ಹಗ್ಗ ಸ್ವಲ್ಪ ಸಡಿಲ ಬಿಟ್ಟೆವು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಎ.ಎನ್. ಮೂರ್ತಿರಾಯರು ಕನ್ನಡದಲ್ಲಿ ‘ಹಗಲುಗನಸುಗಳು’ ಬರೆದು, ಆ ಸಡಿಲ ಹಗ್ಗದಲ್ಲಿ ಎಷ್ಟು ದೂರ ಮೇಯಬಹುದೆಂದು ತೋರಿಸಿದರು. ಅವರು ನೂರು ದಾಟಿ ಮೂರು ವರ್ಷ ಬದುಕಿದ್ದರು. ಬಿಗಿಯಾಗಿ ಕಟ್ಟಿಕೊಂಡವರಿಗೆ ಅಷ್ಟು ಆಯಸ್ಸು ಇರುವುದಿಲ್ಲ ಎಂದು ನನ್ನ ಗುಮಾನಿ. ಒಮ್ಮೆ ಕುತೂಹಲಕ್ಕೆ ಅವರ ಪ್ರಬಂಧವೊಂದನ್ನು ಸ್ಕೀಮ್ ಇಟ್ಟುಕೊಂಡು ತಿದ್ದಿ ನೋಡಿದೆ. ಎಷ್ಟು ಬಂತೆಂದು ಹೇಳುವುದಿಲ್ಲ. ಅಡಿಗೆರೆ ಒಂದೂ ಇರಲಿಲ್ಲ.

ನಮ್ಮ ಮನೆಯಾಕೆ ಗಣಿತದ ಟೀಚರ್. ಪರೀಕ್ಷೆ ಮುಗಿದ ವಾರ ಊಟದ ಮೇಜಿನ ಆ ತುದಿಯಲ್ಲಿ ಅವಳ ಬಂಡಲ್, ಈ ತುದಿಯಲ್ಲಿ ನನ್ನದು. ಅವಳು ಮೂವತ್ತು ಪತ್ರಿಕೆ ಮುಗಿಸುವ ಹೊತ್ತಿಗೆ ನಾನು ಎಂಟನೆಯದರಲ್ಲಿರುತ್ತೇನೆ. “ನಿಮ್ಮದೆಲ್ಲ ಅಂದಾಜಿನ ವ್ಯಾಪಾರ ರೀ. ಸಂತೇಲಿ ಸೊಪ್ಪು ಮಾರೋರ ಥರ. ಒಬ್ಬರಿಗೆ ಒಂದು ಹಿಡಿ ಜಾಸ್ತಿ, ಒಬ್ಬರಿಗೆ ಕಡಿಮೆ,” ಎನ್ನುವುದು ಅವಳ ವಾದ.

ಅವಳ ಮಾತಿನಲ್ಲಿ ಹುರುಳಿಲ್ಲ ಎಂದು ಹೇಳುವ ಹಾಗಿಲ್ಲ. ಒಂದು ವರ್ಷ ಇಬ್ಬರು ಹುಡುಗರು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತರು. ಒಬ್ಬನ ಪ್ರಬಂಧಕ್ಕೆ ನಾಲ್ಕು ಹಾಕಿದ್ದೆ, ಇನ್ನೊಬ್ಬನದಕ್ಕೆ ಎರಡೂವರೆ.

“ಸಾ, ಇಬ್ರದ್ದೂ ಒಂದೇ ಸಾ,” ಎಂದ ಎರಡೂವರೆಯವನು.

“ಒಂದೇ ಅಂದ್ರೆ?”

“ಒಂದೇ ಸಾ. ಇವನದ್ನ ನೋಡ್ಕೊಂಡು ಬರ್ದಿದ್ದು. ಫುಲ್‌ಸ್ಟಾಪ್ ಸಮೇತ.”

ಒಂದೂವರೆ ಅಂಕಕ್ಕಾಗಿ ನಕಲು ಹೊಡೆದದ್ದನ್ನು ಇಷ್ಟು ಧೈರ್ಯವಾಗಿ ಒಪ್ಪಿಕೊಂಡವನನ್ನು ನಾನು ಹಿಂದೆ ಕಂಡಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನಿಜ. ಒಂದು ಅಕ್ಷರದ ವ್ಯತ್ಯಾಸವಿಲ್ಲ. ಮೊದಲನೆಯದನ್ನು ತಿದ್ದಿದ್ದು ಭಾನುವಾರ ಬೆಳಿಗ್ಗೆ ದೋಸೆ ತಿಂದ ಮೇಲೆ. ಎರಡನೆಯದನ್ನು ಮಧ್ಯಾಹ್ನ ಕರೆಂಟು ಹೋದಾಗ. ನ್ಯಾಯವಾಗಿ ಇಬ್ಬರಿಗೂ ಸೊನ್ನೆ ಹಾಕಬೇಕಿತ್ತು. ತಪ್ಪು ನನ್ನದೂ ಇದ್ದುದರಿಂದ ಇಬ್ಬರಿಗೂ ಮೂರು ಮೂರು ಹಾಕಿ ಕಳಿಸಿದೆ. ನಾಲ್ಕರವನು ಎರಡೂವರೆಯವನನ್ನು ಕಾರಿಡಾರಿನ ಉದ್ದಕ್ಕೂ ಬೈದುಕೊಂಡು ಹೋದದ್ದು ಕೇಳಿಸಿತು.

ಈ ಅವಮಾನ ನನ್ನೊಬ್ಬನದೇ ಅಲ್ಲವೆಂದು ತಿಳಿದಾಗ ಎಷ್ಟು ಸಮಾಧಾನವಾಯಿತೆಂದರೆ, ಅವತ್ತು ನಾನೇ ಕಾಫಿ ಮಾಡಿದೆ. ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿಗಳನ್ನು ಬೇರೆ ಬೇರೆ ಹೈಸ್ಕೂಲುಗಳ ಮೇಷ್ಟ್ರುಗಳಿಗೆ ಕಳಿಸಿ, ಅವರು ಕೊಟ್ಟ ಅಂಕಗಳನ್ನು 1912ರಲ್ಲಿ ಪ್ರಕಟಿಸಿದರು. 142 ಜನ ತಿದ್ದಿದ್ದರು. ಆ ಒಂದೇ ಪತ್ರಿಕೆಗೆ ಒಬ್ಬರು 64 ಕೊಟ್ಟರೆ ಇನ್ನೊಬ್ಬರು 98. ಇನ್ನೊಂದು ಪತ್ರಿಕೆಗೆ 50ರಿಂದ 97ರವರೆಗೆ. ಇದನ್ನು ಓದಿ ಹೇಳಿದಾಗ ಮನೆಯಾಕೆ, “ನಾನು ಹೇಳಲಿಲ್ವಾ, ಸೊಪ್ಪಿನ ವ್ಯಾಪಾರ,” ಎಂದು ನಕ್ಕಳು. ನಾನು ಕಾಫಿ ಲೋಟ ಅವಳ ಮುಂದಿಟ್ಟು, ನಿಧಾನವಾಗಿ ಮುಂದಿನದನ್ನು ಓದಿದೆ. ಮರುವರ್ಷ ಅವರೇ ರೇಖಾಗಣಿತದ ಪತ್ರಿಕೆಯೊಂದನ್ನು ಹೀಗೇ ಪರೀಕ್ಷಿಸಿದರು. ಅಲ್ಲಿ ಅಂಕಗಳು 28ರಿಂದ ಹಿಡಿದು 90ರ ಆಚೆಯವರೆಗೂ ಹರಡಿದ್ದವು. ಅವಳು ಏನೂ ಮಾತಾಡಲಿಲ್ಲ. ಕಾಫಿಗೆ ಸಕ್ಕರೆ ಜಾಸ್ತಿಯಾಗಿದೆ ಎಂದಳು.

ಹಳೆಯ ಚೀನಾದವರು ಈ ರೋಗಕ್ಕೆ ಒಂದು ಮದ್ದು ಹುಡುಕಿದ್ದರು. ಅಲ್ಲಿ ಅಧಿಕಾರಿಯಾಗಬೇಕಾದರೆ ಪ್ರಬಂಧ ಬರೆದು ಪಾಸಾಗಬೇಕು. ಮಿಂಗ್ ಮತ್ತು ಚಿಂಗ್ ಅರಸರ ಕಾಲದಲ್ಲಿ ಆ ಪ್ರಬಂಧಕ್ಕೆ ಎಂಟು ಭಾಗ ಇರಲೇಬೇಕು. ಅದರ ಹೆಸರೇ ಎಂಟು ಕಾಲಿನ ಪ್ರಬಂಧ. ನಮ್ಮ ಹಸುವಿಗೆ ನಾಲ್ಕೇ ಕಾಲು, ಅಷ್ಟರ ಮಟ್ಟಿಗೆ ನಮ್ಮ ಮಕ್ಕಳು ಪುಣ್ಯವಂತರು. ಬರೆದವನ ಕೈಬರಹದ ಗುರುತು ಪರೀಕ್ಷಕನಿಗೆ ಸಿಗಬಾರದೆಂದು, ಕಪ್ಪು ಶಾಯಿಯಲ್ಲಿ ಬರೆದ ಪ್ರತಿಯೊಂದು ಉತ್ತರವನ್ನೂ ಗುಮಾಸ್ತರು ಕೆಂಪು ಶಾಯಿಯಲ್ಲಿ ನಕಲು ಮಾಡುತ್ತಿದ್ದರು. ಪರೀಕ್ಷಕ ನೋಡುವುದು ಆ ಕೆಂಪು ನಕಲನ್ನು ಮಾತ್ರ. 1905ರಲ್ಲಿ ಆ ಪರೀಕ್ಷೆಯೇ ನಿಂತುಹೋಯಿತು. ಆ ಗುಮಾಸ್ತರ ಬಗ್ಗೆ ನನಗೆ ತುಂಬ ಕನಿಕರ. ಸಾವಿರಾರು ಪ್ರಬಂಧಗಳನ್ನು ತಿದ್ದುವ ಹಕ್ಕಿಲ್ಲದೆ ಓದುವುದಿದೆಯಲ್ಲ, ಅದು ತಿದ್ದುವುದಕ್ಕಿಂತ ಘೋರ.

ಹಳ್ಳಿಯ ಶಾಲೆಯಲ್ಲಿ ಆ ಸೌಕರ್ಯ ಇಲ್ಲ. ನಾವು ಹೆಸರು ಮುಚ್ಚಿದರೂ ಅಕ್ಷರ ಕಂಡ ಕೂಡಲೇ ಮುಖ ಕಾಣುತ್ತದೆ. ಈ ‘ಕ’ ಯಾರ ಮಗನದು, ಈ ಕೊಂಬು ಯಾರ ಮಗಳದು ಎಂದು ಗೊತ್ತಾಗಿಬಿಡುತ್ತದೆ. ಮುಖದ ಹಿಂದೆಯೇ ಅವರ ಮನೆ, ಮನೆಯ ಮುಂದಿನ ಕೆಸರು, ಕಳೆದ ತಿಂಗಳು ಅವರಪ್ಪ ಆಸ್ಪತ್ರೆಯಲ್ಲಿದ್ದದ್ದು ಎಲ್ಲ ಬಂದು ಪತ್ರಿಕೆಯ ಮೇಲೆ ಕೂರುತ್ತವೆ. ಅರ್ಧ ಅಂಕ ಜಾರುವುದು ಹೀಗೆಯೇ. ನನ್ನದು ಯಾವಾಗಲೂ ಜಾಸ್ತಿಯ ಕಡೆಗೇ ಜಾರಿದೆ ಎಂದು ಹೇಳಿಕೊಳ್ಳಲು ಇಷ್ಟ, ಆದರೆ ಸಾಲು ದಾಟಿ ಗೀಚುವ ಮಕ್ಕಳನ್ನು ಕೇಳಿದರೆ ಬೇರೆ ಹೇಳಿಯಾರು.

ಎರಡು ವರ್ಷದ ಹಿಂದೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ‘ಗ್ರಂಥಾಲಯದ ಮಹತ್ವ’ ಎಂಬ ವಿಷಯ ಕೊಟ್ಟಿದ್ದೆ. ಒಂದರ ಹಿಂದೊಂದು ಬರುತ್ತಿದ್ದವು. ಗ್ರಂಥಗಳ ಆಲಯವೇ ಗ್ರಂಥಾಲಯ, ಜ್ಞಾನದ ಭಂಡಾರ, ಪುಸ್ತಕ ನಮ್ಮ ಮಿತ್ರ, ಆದ್ದರಿಂದ ಎಲ್ಲರೂ ಗ್ರಂಥಾಲಯವನ್ನು ಸದುಪಯೋಗಪಡಿಸಿಕೊಳ್ಳಬೇಕು. ಎರಡು ಕೊಂಬಿನ ಹಸುಗಳ ಮಂದೆ. ಕಣ್ಣು ಮುಚ್ಚಿಕೊಂಡು ನಾಲ್ಕು, ನಾಲ್ಕೂವರೆ ಹಾಕುತ್ತ ಹೋಗುತ್ತಿದ್ದವನು ಒಂದು ಕಡೆ ನಿಂತೆ.

ನಮ್ಮೂರಿನ ಗ್ರಂಥಾಲಯ ಪಂಚಾಯ್ತಿ ಆಫೀಸಿನ ಪಕ್ಕ ಇದೆ ಎಂದು ಶುರುವಾಗಿತ್ತು. ಶಿವರಾತ್ರಿ ಹೊತ್ತಿಗೆ ಅದರ ಜಗಲಿ ಮೇಲೆ ಹುಣಸೆಹಣ್ಣು ಒಣಗಿಸುತ್ತಾರೆ, ಆಗ ಒಳಗೆ ಹೋಗಲು ಕಾಲಿಡುವ ಜಾಗ ಹುಡುಕಬೇಕು. ಒಳಗೆ ಎಂಟು ಕುರ್ಚಿ ಇವೆ, ಒಂದಕ್ಕೆ ಕಾಲು ಇಲ್ಲ, ಅದನ್ನು ಗೋಡೆಗೆ ಒರಗಿಸಿದ್ದಾರೆ. ನನ್ನ ಅಜ್ಜ ಅದರಲ್ಲೇ ಕೂರುತ್ತಾರೆ, ಬೇರೆ ಕುರ್ಚಿ ಆಗುವುದಿಲ್ಲ. ಅಜ್ಜನಿಗೆ ಕಣ್ಣು ಮಂಜು. ನಾನು ಪೇಪರ್ ಓದಿ ಹೇಳುತ್ತೇನೆ. ಮೊದಲು ತಿಪಟೂರಿನ ಕೊಬ್ಬರಿ ರೇಟು. ಆಮೇಲೆ ತೀರಿಕೊಂಡವರ ಸುದ್ದಿ. ಗುರುತಿನವರು ಯಾರಾದರೂ ಇದ್ದರೆ ಅವತ್ತು ಬೇರೆ ಸುದ್ದಿ ಓದಿಸುವುದಿಲ್ಲ, ಸುಮ್ಮನೆ ಕೂರುತ್ತಾರೆ, ಆಗ ನಾನು ಕತೆ ಪುಸ್ತಕ ಓದಿಕೊಳ್ಳುತ್ತೇನೆ. ಮಳೆ ಬಂದರೆ ಕವಿತೆ ಪುಸ್ತಕದ ಬೀರು ಕಡೆ ಸೋರುತ್ತದೆ. ಅದಕ್ಕೇ ನಮ್ಮಲ್ಲಿ ಕತೆ ಪುಸ್ತಕಗಳೇ ಚೆನ್ನಾಗಿವೆ.

ಅಲ್ಲಿಗೆ ಮುಗಿದಿತ್ತು. ಪೀಠಿಕೆ ಇಲ್ಲ, ಸೊನ್ನೆ. ಉಪಸಂಹಾರ ಇಲ್ಲ, ಸೊನ್ನೆ. ‘ಮಹತ್ವ’ ಎಂಬ ಪದ ಇಡೀ ಪ್ರಬಂಧದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಮೂರಕ್ಕೆ ಮೂರು ಹಾಕಿ ಕೆಳಗಿಟ್ಟೆ. ಮತ್ತೆ ತೆಗೆದುಕೊಂಡೆ. ಮೇಜಿನ ಆ ತುದಿಗೆ ನೂಕಿದೆ. ಅವಳು ತ್ರಿಕೋನಮಿತಿ ನಿಲ್ಲಿಸಿ ಓದಿದಳು.

“ಐದು ಹಾಕಿ ರೀ.”

“ಸ್ಕೀಮ್ ಪ್ರಕಾರ ಬರಲ್ಲ ಕಣೆ. ನಿನ್ನ ಹತ್ರ ಸ್ಟೆಪ್ ಬಿಟ್ಟೋರಿಗೆ ನೀನು ಪೂರ್ತಿ ಕೊಡ್ತೀಯಾ?”

“ಕೊಡಲ್ಲ. ಆದ್ರೆ ನಮ್ಮಲ್ಲಿ ಯಾರೂ ಅಜ್ಜನ್ನ ಕರ್ಕೊಂಡು ಬರಲ್ವಲ್ಲ.”

ಮೂರು ಮೂರಾಗಿಯೇ ಉಳಿಯಿತು. ಮರುದಿನ ಹುಡುಗನನ್ನು ಕರೆಸಿದೆ. ಮುಖ್ಯ ಪರೀಕ್ಷೆ ಹತ್ತಿರ ಬರುತ್ತಿತ್ತು, ಅಲ್ಲಿ ಇವನ ಪತ್ರಿಕೆ ನನ್ನ ಕೈಗೆ ಬರುವುದಿಲ್ಲ, ಇನ್ಯಾವ ಊರಿನ ಯಾವ ಮೇಷ್ಟ್ರು ಯಾವ ಬಿಸಿಲಲ್ಲಿ ಕೂತು ತಿದ್ದುತ್ತಾರೋ.

“ಪೀಠಿಕೆ ಯಾಕೋ ಹಾಕಿಲ್ಲ?”

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಸಾ, ಲೇಟಾಗಿ ಬಂದಾಗೆಲ್ಲ ನೀವೇ ಬೈತೀರಲ್ಲ ಸಾ, ಪೀಠಿಕೆ ಹಾಕ್ಬೇಡ, ಸೀದಾ ವಿಷಯಕ್ಕೆ ಬಾ ಅಂತ.”

ಪಕ್ಕದಲ್ಲಿದ್ದ ವಿಜ್ಞಾನದ ಮೇಷ್ಟ್ರು ನಕ್ಕದ್ದು ನನಗೆ ಹಿಡಿಸಲಿಲ್ಲ. ಹುಡುಗನಿಗೆ ಬುದ್ಧಿ ಹೇಳಿದೆ. ಪೀಠಿಕೆ ಹಾಕು, ಅಡಿಗೆರೆ ಎಳೆ, ಮಹತ್ವವನ್ನು ನಾಲ್ಕು ಸಲ ಬರೆ, ಹುಣಸೆಹಣ್ಣು ಬೇಡ. ಅಜ್ಜನೂ ಬೇಡ. ಅವನು ತಲೆಯಾಡಿಸಿದ. ಮಾರ್ಚಿಯಲ್ಲಿ ಕನ್ನಡ ಪರೀಕ್ಷೆ ಮುಗಿಸಿ ಬಂದವನನ್ನು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿದೆ. “ಎಲ್ಲಾ ಹಾಕಿದೀನಿ ಸಾ. ಪೀಠಿಕೆ, ಉಪಸಂಹಾರ, ಎರಡು ನುಡಿಮುತ್ತು,” ಎಂದ. ಕನ್ನಡಕ್ಕೆ 121 ಬಂತು. ಪೇಡ ತಂದುಕೊಟ್ಟ. ತಿಂದೆ. ಯಾಕೋ ಕೆಂಪಿಯ ನೆನಪಾಯಿತು.

ಮೇ ತಿಂಗಳ ಒಂದು ಬೆಳಿಗ್ಗೆ ಪಂಚಾಯ್ತಿಗೆ ಕಂದಾಯ ಕಟ್ಟಲು ಹೋಗಿದ್ದೆ. ನಾವು ಕಟ್ಟುವ ಕಂದಾಯದ ಮೇಲೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಸೇರುತ್ತದೆ, 1965ರ ಕಾಯಿದೆಯಿಂದ ಬಂದದ್ದು. ಇಷ್ಟು ವರ್ಷ ಗ್ರಂಥಾಲಯದ ಮಹತ್ವಕ್ಕೆ ಅಂಕ ಹಾಕಿದವನು ನಾನು, ಪಕ್ಕದ ಬಾಗಿಲಿಗೆ ಒಂದು ದಿನವೂ ಕಾಲಿಟ್ಟಿರಲಿಲ್ಲ. ಈಗ ಅದರ ಮೇಲೆ ‘ಅರಿವು ಕೇಂದ್ರ’ ಎಂಬ ಹೊಸ ಬೋರ್ಡು ಇತ್ತು. ಜಗಲಿಯಲ್ಲಿ ಹುಣಸೆಹಣ್ಣು ಮುಗಿದು ಬರೀ ಬೀಜ ಬಿದ್ದಿದ್ದವು. ಒಳಗೆ ಕುರ್ಚಿ ಎಣಿಸಿದೆ. ಎಂಟು. ಗೋಡೆಗೆ ಒರಗಿದ ಕುರ್ಚಿಯಲ್ಲಿ ಅಜ್ಜ, ಪಕ್ಕದಲ್ಲಿ ಹುಡುಗ. ಅವನು ಎದ್ದು ನಿಂತು ರಿಜಿಸ್ಟರ್ ತಂದು ನನ್ನ ಮುಂದೆ ಹಿಡಿದ. ಸಹಿ ಹಾಕಿದೆ.

“ತಾರೀಕು ಬಿಟ್ಟೋಗಿದೆ ಸಾ.”

ಹಾಕಿದೆ.

“ಯಾರ್ಲಾ ಅದು?” ಎಂದರು ಅಜ್ಜ.

“ನಮ್ ಕನ್ನಡ ಮೇಷ್ಟ್ರು ಕಣಜ್ಜ.”

“ಹಂಗಾರೆ ಇವತ್ತು ಅವ್ರೇ ಓದ್ಲಿ ಬಿಡು. ನಿಂಗೆ ಗಂಟ್ಲು ಕಟ್ಟದೆ.”

ನಾನು ಪೇಪರ್ ಬಿಡಿಸಿ ಮುಖಪುಟದ ದಪ್ಪಕ್ಷರದಿಂದ ಶುರು ಮಾಡಿದೆ. ಎರಡು ವಾಕ್ಯ ಆಗಿರಲಿಲ್ಲ, ಅಜ್ಜ ಕೈಯೆತ್ತಿದರು.

“ಅದೆಲ್ಲ ಬ್ಯಾಡಿ ಸಾಮಿ. ಕೊಬ್ರಿ ಎಷ್ಟಾಯ್ತು, ಅದ ಹೇಳಿ.”

ನಾನು ಪುಟ ತಿರುವಿದೆ.